ಬ್ಯಾನರ್ ಮುಚ್ಚಿದರೂ ಪುಟ ತೆರೆಯದಿದ್ದಾಗ: ಕುಕಿ ಕಿರಿಕಿರಿಯ ದೋಷ ನಿವಾರಣೆ

ಸುದ್ದಿ ಓದಲು ತೆರೆದ ಪುಟದಲ್ಲಿ ಮೊದಲು ಕುಕಿ (ಸೈಟು ನಿಮ್ಮ ಬ್ರೌಸರಿನಲ್ಲಿ ಬರೆದಿಡುವ ಪುಟ್ಟ ಟಿಪ್ಪಣಿ) ಒಪ್ಪಿಗೆಯ ಬ್ಯಾನರ್, ಅದರ ಬೆನ್ನಿಗೇ ನೋಟಿಫಿಕೇಶನ್ ಅನುಮತಿ, ಕೆಳಗೆ ‘ಆ್ಯಪ್‌ನಲ್ಲಿ ತೆರೆಯಿರಿ’ ಎಂಬ ಪಟ್ಟಿ, ಮೂಲೆಯಲ್ಲಿ ತಾನಾಗಿ ಓಡುವ ವಿಡಿಯೊ. ಎಲ್ಲವೂ ಒಟ್ಟಿಗೇ ಬರುವುದರಿಂದ ಎಲ್ಲಕ್ಕೂ ಒಂದೇ ಮದ್ದು ಇದ್ದೀತೆಂದು ಬ್ರೌಸರಿಗೆ ಹೆಚ್ಚುವರಿಯಾಗಿ ಜೋಡಿಸುವ, ಕೈಗೆ ಸಿಕ್ಕ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಹಾಕಿಕೊಳ್ಳುವವರೇ ಹೆಚ್ಚು. ಆಮೇಲೆ ಬ್ಯಾಂಕಿನ ಲಾಗಿನ್ ಕೈಕೊಡುತ್ತದೆ, ಟಿಕೆಟ್ ಬುಕಿಂಗ್ ಪುಟ ಅರ್ಧಕ್ಕೇ ನಿಲ್ಲುತ್ತದೆ, ಯಾವುದರಿಂದ ಹೀಗಾಯಿತೆಂದು ಗೊತ್ತೇ ಆಗುವುದಿಲ್ಲ.

ಏನನ್ನಾದರೂ ಇನ್‌ಸ್ಟಾಲ್ ಮಾಡುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಬ್ಯಾನರನ್ನು ಮರೆಮಾಡುವುದು ಬೇರೆ, ನಿರಾಕರಿಸುವುದು ಬೇರೆ, ಪುಟದೊಳಗೆ ಓಡುತ್ತ ನಿಮ್ಮನ್ನು ಹಿಂಬಾಲಿಸುವ ಸ್ಕ್ರಿಪ್ಟ್‌ಗಳನ್ನು ತಡೆಯುವುದು ಬೇರೆ. ಮರೆಮಾಡಿದರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಸೈಟು ನಿಮ್ಮ ಉತ್ತರಕ್ಕಾಗಿ ಇನ್ನೂ ಕಾಯುತ್ತಿರಬಹುದು, ಕಾಯದೆ ಕೆಲಸ ಶುರುಮಾಡಿಯೂ ಇರಬಹುದು. ನಿರಾಕರಿಸಿದರೆ ಉತ್ತರ ದಾಖಲಾಗುತ್ತದೆ, ಆದರೆ ಅದನ್ನು ಪಾಲಿಸುವುದು ಸೈಟಿನವರ ಪ್ರಾಮಾಣಿಕತೆಗೆ ಬಿಟ್ಟದ್ದು. ತಡೆಯುವುದೊಂದೇ ನಿಮ್ಮ ಕೈಯಲ್ಲಿರುವ ಕೆಲಸ. ಕೆಳಗೆ ಹೇಳುವ ದೋಷಗಳಲ್ಲಿ ಬಹುಪಾಲು ಈ ಮೂರನ್ನು ಕಲಸಿಕೊಂಡದ್ದರಿಂದಲೇ ಹುಟ್ಟುತ್ತವೆ.

ದೋಷ ಎಲ್ಲಿದೆ ಎಂದು ಮೊದಲು ಸೀಳಿ ನೋಡಿ

ತೊಂದರೆ ಕೊಡುವ ಪುಟವನ್ನು ಪ್ರೈವೇಟ್ ವಿಂಡೋದಲ್ಲಿ ತೆರೆಯಿರಿ. ಕ್ರೋಮ್, ಎಡ್ಜ್, ಬ್ರೇವ್‌ಗಳಲ್ಲಿ ಕಂಟ್ರೋಲ್-ಶಿಫ್ಟ್-ಎನ್, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್-ಶಿಫ್ಟ್-ಪಿ. ಇಲ್ಲಿ ಹಳೆಯ ಕುಕಿಗಳಿರುವುದಿಲ್ಲ. ನೀವೇ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಶನ್‌ಗಳೂ ಓಡುವುದಿಲ್ಲ. ಇಲ್ಲಿ ಪುಟ ಸರಿಯಾಗಿ ತೆರೆದರೆ ತಪ್ಪಿತಸ್ಥ ಹಳೆಯ ಕುಕಿ, ಇಲ್ಲವೇ ಎಕ್ಸ್‌ಟೆನ್ಶನ್. ಮಾಮೂಲಿ ವಿಂಡೋಗೆ ಮರಳಿ, ಜಾಹೀರಾತು, ಬ್ಯಾನರ್‌ಗಳನ್ನು ತಡೆಯುವ ಎಕ್ಸ್‌ಟೆನ್ಶನ್, ಅಂದರೆ ಬ್ಲಾಕರನ್ನು ಆ ಸೈಟಿಗೆ ಮಾತ್ರ ಆಫ್ ಮಾಡಿ, ರೀಲೋಡ್ ಮಾಡಿ. ಸರಿಹೋದರೆ ಎಕ್ಸ್‌ಟೆನ್ಶನ್ನೇ ಕಾರಣ. ಹೋಗದಿದ್ದರೆ ಆ ಸೈಟಿನ ಕುಕಿಗಳನ್ನು ಮಾತ್ರ ಅಳಿಸಿ: ವಿಳಾಸ ಪಟ್ಟಿಯ ಎಡತುದಿಯ ಐಕಾನ್ ಒತ್ತಿದರೆ ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಅದಕ್ಕೆ ದಾರಿ ಸಿಗುತ್ತದೆ. ಬ್ರೌಸರಿನ ಎಲ್ಲ ಕುಕಿಗಳನ್ನೂ ಒಮ್ಮೆಗೇ ಅಳಿಸಬೇಡಿ. ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಎಲ್ಲ ಸೈಟಿನ ಬ್ಯಾನರೂ ಹೊಸದಾಗಿ ಬರುತ್ತದೆ.

ಪ್ರೈವೇಟ್ ವಿಂಡೋದಲ್ಲೂ ಅದೇ ಕಥೆಯಾದರೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನೊಳಗಿನ ‘ಪ್ರೈವೇಟ್ ಡಿಎನ್‌ಎಸ್’ (ಸೈಟಿನ ಹೆಸರಿನಿಂದ ಅದರ ನೆಟ್ ವಿಳಾಸ ಹುಡುಕಿಕೊಡುವ ಸೇವೆಯ ಸೆಟ್ಟಿಂಗ್) ಅನ್ನೂ ಒಮ್ಮೆ ಆಫ್ ಮಾಡಿ ನೋಡಿ. ಜಾಹೀರಾತು ತಡೆಯಲೆಂದು ಎಂದೋ ಅಲ್ಲಿ ಹಾಕಿಟ್ಟ ವಿಳಾಸ ಮರೆತೇ ಹೋಗಿರುತ್ತದೆ. ಇಷ್ಟಾದ ಮೇಲೂ ಬದಲಾಗದಿದ್ದರೆ ದೋಷ ಸೈಟಿನದೇ.

ಬ್ಯಾನರ್ ಪ್ರತಿ ಸಲವೂ ಬರುತ್ತದೆ

ನಿಮ್ಮ ‘ಬೇಡ’ ಎಂಬ ಉತ್ತರವೂ ನೆನಪಿನಲ್ಲಿ ಉಳಿಯುವುದು ಕುಕಿಯಲ್ಲೇ. ಕುಕಿ ಉಳಿಯದಿದ್ದರೆ ಉತ್ತರವೂ ಉಳಿಯುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿಯನ್ನು ರೂಪಿಸಿದ್ದೇ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಸೈಟಿಗೆ ಹಿಂದಿನದು ನೆನಪಿರಲಿ ಎಂದು. ಆದ್ದರಿಂದ ಗೌಪ್ಯತೆಯ ಬಗ್ಗೆ ಎಚ್ಚರ ಹೆಚ್ಚಾದಷ್ಟೂ ಬ್ಯಾನರೂ ಹೆಚ್ಚು ಸಲ ಬರುತ್ತದೆ. ವಿಪರ್ಯಾಸವೆನಿಸಿದರೂ ಇದು ದೋಷವಲ್ಲ.

ಕಂಪ್ಯೂಟರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬ್ಯಾನರಿನಲ್ಲಿ ನಿರಾಕರಿಸಿ, ಎಫ್12 ಒತ್ತಿ. ಕ್ರೋಮ್‌ನಲ್ಲಿ ‘ಅಪ್ಲಿಕೇಶನ್’, ಫೈರ್‌ಫಾಕ್ಸ್‌ನಲ್ಲಿ ‘ಸ್ಟೋರೇಜ್’ ಟ್ಯಾಬಿಗೆ ಹೋಗಿ ‘ಕುಕೀಸ್’ ಬಿಡಿಸಿ. ಒನ್‌ಟ್ರಸ್ಟ್ ಕಂಪನಿಯ ಬ್ಯಾನರಾದರೆ ‘ಆಪ್ಟನಾನ್‌ಕನ್ಸೆಂಟ್’, ಕುಕಿಬಾಟ್‌ನದಾದರೆ ‘ಕುಕಿಕನ್ಸೆಂಟ್’ ಎಂಬ ಹೆಸರು ಕಾಣಬೇಕು. ಯುರೋಪಿನ ಜಾಹೀರಾತು ಒಕ್ಕೂಟದ ಚೌಕಟ್ಟು ಬಳಸುವ ಸೈಟುಗಳಲ್ಲಿ ‘ಇಯುಕನ್ಸೆಂಟ್-ವಿ2’ ಎಂಬುದು ಸಾಮಾನ್ಯ. ಪಕ್ಕದ ‘ಎಕ್ಸ್‌ಪೈರ್ಸ್’ ಕಾಲಮ್ಮಿನಲ್ಲಿ ದಿನಾಂಕವಿದ್ದರೆ ಅಲ್ಲಿಯವರೆಗೆ ಉತ್ತರ ನೆನಪಿರುತ್ತದೆ. ‘ಸೆಶನ್’ ಎಂದಿದ್ದರೆ ಬ್ರೌಸರ್ ಮುಚ್ಚಿದೊಡನೆ ಮರೆವು. ಕುಕಿಯೇ ಇಲ್ಲದಿದ್ದರೆ ಪಕ್ಕದಲ್ಲೇ ಇರುವ ‘ಲೋಕಲ್ ಸ್ಟೋರೇಜ್’ ನೋಡಿ, ಕೆಲವು ಬ್ಯಾನರ್‌ಗಳು ಅಲ್ಲಿ ಬರೆದಿಡುತ್ತವೆ. ಎರಡೂ ಕಡೆ ಏನೂ ಇಲ್ಲವೆಂದರೆ ನಿಮ್ಮ ಬ್ರೌಸರ್ ಬರೆಯಲು ಬಿಡುತ್ತಿಲ್ಲ.

ಕುಕಿ ಮೂಡುತ್ತದೆ, ಮರುದಿನ ಇರುವುದಿಲ್ಲ ಎಂದಾದರೆ ‘ಮುಚ್ಚಿದಾಗ ಅಳಿಸು’ ಎಂಬ ಸೆಟ್ಟಿಂಗ್ ಆನ್ ಆಗಿರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದು ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿದೆ. ಅದನ್ನು ಆಫ್ ಮಾಡಬೇಕಿಲ್ಲ; ‘ಮ್ಯಾನೇಜ್ ಎಕ್ಸೆಪ್ಶನ್ಸ್’ ಒತ್ತಿ ದಿನನಿತ್ಯ ನೋಡುವ ನಾಲ್ಕೈದು ಸೈಟುಗಳ ವಿಳಾಸ ಸೇರಿಸಿ ‘ಅಲೌ’ ಕೊಟ್ಟರೆ ಸಾಕು. ಕ್ರೋಮ್‌ನಲ್ಲಿ ಸೈಟ್ ಸೆಟ್ಟಿಂಗ್ಸ್‌ನೊಳಗೆ ‘ಆನ್-ಡಿವೈಸ್ ಸೈಟ್ ಡೇಟಾ’ ಎಂಬಲ್ಲಿ ಇದೇ ಸೌಲಭ್ಯವಿದೆ.

ಐಫೋನ್ ಅಥವಾ ಮ್ಯಾಕ್‌ನ ಸಫಾರಿಯಲ್ಲಿ ಸರಿಸುಮಾರು ವಾರಕ್ಕೊಮ್ಮೆ ಬ್ಯಾನರ್ ಮರಳಿದರೆ ಅದಕ್ಕೂ ಕಾರಣವಿದೆ. ಪುಟದೊಳಗೆ ಓಡುವ ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್) ಬರೆದ ಕುಕಿಗೆ ಸಫಾರಿ ಕೊಡುವ ಆಯುಷ್ಯ ಗರಿಷ್ಠ 7 ದಿನ, 2019ರಿಂದ ಹೀಗಿದೆ. ಬ್ಯಾನರ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟಿನಿಂದಲೇ ಬರೆಯುತ್ತವೆ. ಸೈಟಿನವರು ಸರ್ವರಿನಿಂದ ಕುಕಿ ಕಳುಹಿಸಿದರೆ ಈ ಮಿತಿ ತಾಗುವುದಿಲ್ಲ, ಆದರೆ ಅದು ಅವರ ಕೈಯಲ್ಲಿರುವ ಕೆಲಸ. ಕ್ರೋಮ್ 2022ರಿಂದ ಯಾವ ಕುಕಿಯನ್ನೂ 400 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ, ಆದರೆ ಬ್ಯಾನರಿನ ಗಡುವು ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಮುಗಿಯುತ್ತದೆ. ಫ್ರಾನ್ಸಿನ ದತ್ತಾಂಶ ನಿಯಂತ್ರಕ ಸಂಸ್ಥೆ ಉತ್ತರವನ್ನು 6 ತಿಂಗಳು ನೆನಪಿಟ್ಟುಕೊಂಡರೆ ಒಳ್ಳೆಯದೆಂದು ಹೇಳಿದೆ. ಆರು ತಿಂಗಳಿಗೊಮ್ಮೆ ಬಂದರೆ ಸಹಿಸಿಕೊಳ್ಳಬೇಕು.

ಇನ್ನು ಕೆಲವು ಸಣ್ಣ ಕಾರಣಗಳು. ಸೈಟಿನ ಮೊಬೈಲ್ ಆವೃತ್ತಿ ಬೇರೆ ಉಪವಿಳಾಸದಲ್ಲಿದ್ದರೆ ಒಂದು ಕಡೆಯ ಉತ್ತರ ಇನ್ನೊಂದಕ್ಕೆ ತಲುಪದಿರಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆ್ಯಪ್‌ಗಳೊಳಗೆ ಲಿಂಕ್ ಒತ್ತಿದಾಗ ತೆರೆಯುವುದು ಆ್ಯಪಿನದೇ ಬ್ರೌಸರ್, ಅದರ ಕುಕಿ ಡಬ್ಬಿಯೇ ಬೇರೆ. ಮೂರು ಚುಕ್ಕಿ ಒತ್ತಿ ‘ಬ್ರೌಸರ್‌ನಲ್ಲಿ ತೆರೆಯಿರಿ’ ಆಯ್ದುಕೊಳ್ಳಿ. ನಿಮ್ಮ ಸಂಪರ್ಕವನ್ನು ಬೇರೆ ಕಡೆಯ ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಯುರೋಪಿನ ಯಾವುದಾದರೂ ದೇಶಕ್ಕೆ ಹೊರಳಿದ್ದರೆ ಭಾರತದವರಿಗೆ ತೋರಿಸದ ಬ್ಯಾನರೂ ಬರುತ್ತದೆ. ಫೋನಿನ ತಾರೀಖು ತುಂಬ ಮುಂದಕ್ಕೆ ಹೋಗಿದ್ದರೆ ಸರ್ವರ್ ಕಳುಹಿಸಿದ ಕುಕಿಗೆ ಬಂದ ಗಳಿಗೆಯಲ್ಲೇ ಅವಧಿ ಮುಗಿದಂತಾಗಬಹುದು.

ಪುಟದ ಬದಲು ‘400 ಬ್ಯಾಡ್ ರಿಕ್ವೆಸ್ಟ್, ರಿಕ್ವೆಸ್ಟ್ ಹೆಡರ್ ಆರ್ ಕುಕಿ ಟೂ ಲಾರ್ಜ್’ ಎಂದು ಬಿಳಿ ಪರದೆ ಬಂದರೆ ಆ ಸೈಟಿನ ಕುಕಿಗಳು ಗಂಟುಕಟ್ಟಿವೆ ಎಂದರ್ಥ. ನೂರಾರು ಜಾಹೀರಾತು ಪಾಲುದಾರರಿಗೆ ನೀವು ಕೊಟ್ಟ ಉತ್ತರವೆಲ್ಲ ಒಂದೇ ಉದ್ದನೆಯ ಸಾಲಿನಲ್ಲಿ ಕುಕಿಯೊಳಗೆ ಕೂತಿರುತ್ತದೆ, ಅದರ ಜೊತೆಗೆ ಓದುಗರ ಭೇಟಿಯ ಲೆಕ್ಕವಿಡುವ ಹತ್ತಾರು ಕುಕಿಗಳು. ಒಂದು ಕುಕಿಗೆ ಸುಮಾರು 4 ಕೆಬಿ ಮಿತಿ. ಎಲ್ಲ ಸೇರಿ ಸರ್ವರ್ ಒಪ್ಪುವ ಹೆಡರ್ (ಪುಟ ಕೇಳುವಾಗ ಬ್ರೌಸರ್ ಜೊತೆಗೆ ಕಳುಹಿಸುವ ಮಾಹಿತಿ) ಗಾತ್ರ ಮೀರಿದರೆ ಅದು ಪುಟ ಕೊಡಲು ಒಲ್ಲೆ ಎನ್ನುತ್ತದೆ. ರೀಲೋಡ್ ಎಷ್ಟು ಸಲ ಒತ್ತಿದರೂ ಪ್ರಯೋಜನವಿಲ್ಲ. ಆ ಸೈಟಿನ ಕುಕಿ ಅಳಿಸಿದರೆ ತಕ್ಷಣ ತೆರೆಯುತ್ತದೆ.

ಬ್ಯಾನರ್ ಹೋಯಿತು, ಪುಟ ಅಲುಗಾಡುತ್ತಿಲ್ಲ

ಬ್ಲಾಕರ್ ಹಾಕಿದವರ ಅತಿ ದೊಡ್ಡ ದೂರು ಇದು. ಲೇಖನದ ಮೊದಲ ಪ್ಯಾರಾ ಕಾಣುತ್ತದೆ, ಸ್ಕ್ರೋಲ್ ಆಗುವುದಿಲ್ಲ. ಅಥವಾ ಪುಟದ ಮೇಲೆ ಬೂದುಬಣ್ಣದ ಪರದೆ ಎಳೆದಂತಿದ್ದು ಏನು ಒತ್ತಿದರೂ ತಾಗುವುದಿಲ್ಲ.

ಬ್ಯಾನರ್ ತೋರಿಸುವ ಸ್ಕ್ರಿಪ್ಟ್ ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತದೆ: ಬ್ಯಾನರ್ ಇಡುತ್ತದೆ, ಹಿಂದೆ ಅರೆಪಾರದರ್ಶಕ ಪರದೆ ಹಾಕುತ್ತದೆ, ನೀವು ಉತ್ತರಿಸದೆ ಮುಂದೆ ಹೋಗದಂತೆ ಪುಟದ ‘ಬಾಡಿ’ ಭಾಗಕ್ಕೆ ‘ಓವರ್‌ಫ್ಲೋ: ಹಿಡನ್’ ಎಂಬ ಸ್ಟೈಲ್ ಹಚ್ಚಿ ಸ್ಕ್ರೋಲ್‌ಗೆ ಬೀಗ ಹಾಕುತ್ತದೆ. ಬ್ಲಾಕರಿನ ಪಟ್ಟಿ ಬ್ಯಾನರನ್ನು ಮಾತ್ರ ಮರೆಮಾಡಿದರೆ ಬೀಗ ಹಾಗೆಯೇ ಉಳಿಯುತ್ತದೆ, ಬೀಗದ ಕೈ ಮಾತ್ರ ಕಾಣೆಯಾಗಿರುತ್ತದೆ. ಕೀಲಿ ಎಂದರೆ ಆ ಮರೆಯಾದ ಬಟನ್ನೇ.

ಬಿಡಿಸುವುದು ಹೀಗೆ. ಪುಟದ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ಎಡಗಡೆಯ ಮರದಂಥ ರಚನೆಯಲ್ಲಿ ‘ಬಾಡಿ’ ಸಾಲನ್ನು ಆರಿಸಿ, ‘ಸ್ಟೈಲ್ಸ್’ ಪಟ್ಟಿಯಲ್ಲಿ ‘ಓವರ್‌ಫ್ಲೋ: ಹಿಡನ್’ ಪಕ್ಕದ ಟಿಕ್ ತೆಗೆಯಿರಿ. ಆಗಲೂ ಅಲುಗಾಡದಿದ್ದರೆ ಅದರ ಮೇಲಿನ ‘ಎಚ್‌ಟಿಎಂಎಲ್’ ಸಾಲಿನಲ್ಲೂ ಇದೇ ನೋಡಿ. ‘ಪೊಸಿಶನ್: ಫಿಕ್ಸೆಡ್’ ಎಂಬುದು ‘ಬಾಡಿ’ ಸಾಲಿಗೆ ಅಂಟಿದ್ದರೆ ಅದನ್ನೂ ತೆಗೆಯಿರಿ. ಬೂದು ಪರದೆಯ ಮೇಲೆಯೇ ಇನ್‌ಸ್ಪೆಕ್ಟ್ ಮಾಡಿದರೆ ಅದರ ಸಾಲು ಆಯ್ಕೆಯಾಗಿ ಬರುತ್ತದೆ, ಡಿಲೀಟ್ ಕೀ ಒತ್ತಿದರೆ ಹೋಯಿತು. ರೀಲೋಡ್ ಮಾಡಿದರೆ ಮತ್ತೆ ಮೊದಲಿನ ಸ್ಥಿತಿ, ಆದ್ದರಿಂದ ಹೆದರದೆ ಮಾಡಬಹುದು.

ಯುಬ್ಲಾಕ್ ಆರಿಜಿನ್ ಎಂಬ ಬ್ಲಾಕರ್ ಇದ್ದವರಿಗೆ ಇಷ್ಟು ಕಷ್ಟವಿಲ್ಲ. ಐಕಾನ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಮಿಂಚಿನ ಚಿಹ್ನೆ ಇದೆ, ಅದು ‘ಝ್ಯಾಪರ್’. ಅದನ್ನು ಒತ್ತಿ ಪರದೆಯ ಮೇಲೆ ಕ್ಲಿಕ್ ಮಾಡಿದರೆ ಪರದೆ ಹೋಗುತ್ತದೆ, ಸ್ಕ್ರೋಲ್ ಬೀಗವನ್ನೂ ಅದೇ ತೆಗೆಯುತ್ತದೆ. ಇದು ಆ ಹೊತ್ತಿಗೆ ಮಾತ್ರ. ಪಕ್ಕದ ಡ್ರಾಪರ್ ಚಿಹ್ನೆಯ ‘ಪಿಕರ್’ ಶಾಶ್ವತ ನಿಯಮ ಬರೆಯುತ್ತದೆ. ತಪ್ಪಾಗಿ ಇಡೀ ಲೇಖನವನ್ನೇ ಆರಿಸಿ ‘ಕ್ರಿಯೇಟ್’ ಒತ್ತಿದರೆ ಮುಂದೆ ಆ ಸೈಟು ಖಾಲಿಯಾಗಿಯೇ ಕಾಣುತ್ತದೆ. ಡ್ಯಾಶ್‌ಬೋರ್ಡಿನ ‘ಮೈ ಫಿಲ್ಟರ್ಸ್’ಗೆ ಹೋಗಿ ಕೊನೆಯ ಸಾಲು ಅಳಿಸಬೇಕು. ‘ನಮ್ಮ ಆಫೀಸ್ ಸೈಟು ಬರೀ ಬೆಳ್ಳಗೆ ಕಾಣುತ್ತಿದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೊಮ್ಮೆ ಕಣ್ಣಾಡಿಸಿ.

ಫೋನಿನಲ್ಲಿ ಇನ್‌ಸ್ಪೆಕ್ಟ್ ಇಲ್ಲ. ಅಲ್ಲಿ ರೀಡರ್ ಮೋಡ್‌ನದೇ ಆಸರೆ. ಸಫಾರಿ, ಫೈರ್‌ಫಾಕ್ಸ್‌ಗಳಲ್ಲಿ ವಿಳಾಸ ಪಟ್ಟಿಯಲ್ಲೋ ಮೆನುವಿನಲ್ಲೋ ಅದರ ಗುರುತು ಸಿಗುತ್ತದೆ. ಐಒಎಸ್ 18ರಿಂದ ಸಫಾರಿಯಲ್ಲಿ ‘ಹೈಡ್ ಡಿಸ್ಟ್ರ್ಯಾಕ್ಟಿಂಗ್ ಐಟಮ್ಸ್’ ಕೂಡ ಇದೆ. ಕಂಪ್ಯೂಟರಿನ ಎಡ್ಜ್‌ನಲ್ಲಿ ಎಫ್9 ಒತ್ತಿದರೆ ಲೇಖನ ಮಾತ್ರ ಉಳಿಯುತ್ತದೆ, ಬೇಕಾದರೆ ಕನ್ನಡ ದನಿಯಲ್ಲಿ ಓದಿಯೂ ಹೇಳುತ್ತದೆ.

ಸ್ಕ್ರೋಲ್ ಆಗುತ್ತದೆ, ಆದರೆ ವಿಡಿಯೊ ಓಡುವುದಿಲ್ಲ, ನಕಾಶೆಯ ಜಾಗ ಖಾಲಿ. ಇದು ಬೇರೆ ದೋಷ. ಒಪ್ಪಿಗೆಯ ಉತ್ತರ ಬರುವವರೆಗೆ ಇಂಥವನ್ನು ತಡೆಹಿಡಿಯುವ ಸೈಟುಗಳಿವೆ. ಬ್ಯಾನರಿನ ಸ್ಕ್ರಿಪ್ಟನ್ನೇ ಡಿಎನ್‌ಎಸ್ ಮಟ್ಟದಲ್ಲಿ ತಡೆದರೆ ಉತ್ತರ ಎಂದೂ ಬರುವುದಿಲ್ಲ. ಡಿಎನ್‌ಎಸ್ ತಡೆಗೆ ಗೊತ್ತಿರುವುದು ವಿಳಾಸ ಮಾತ್ರ, ಪುಟದ ಒಳಗೆ ಏನಿದೆಯೆಂದು ಅದಕ್ಕೆ ಕಾಣುವುದಿಲ್ಲ. ಜಾಹೀರಾತು ಹೋದರೂ ಅದರ ಖಾಲಿ ಚೌಕ ಉಳಿಯುವುದು ಇದೇ ಕಾರಣಕ್ಕೆ. ಅಂಥ ಸೈಟಿನಲ್ಲಿ ಬ್ಲಾಕರನ್ನು ಒಂದು ಸಲ ಆಫ್ ಮಾಡಿ, ಬ್ಯಾನರಿಗೆ ನಿರಾಕರಣೆಯ ಉತ್ತರ ಕೊಟ್ಟು, ಮತ್ತೆ ಆನ್ ಮಾಡುವುದೇ ಸುಲಭದ ದಾರಿ.

‘ಬೇಡ’ ಬಟನ್ ಸಿಗುತ್ತಿಲ್ಲ

ಇದನ್ನು ದೋಷವೆನ್ನಬೇಕೋ ಉದ್ದೇಶವೆನ್ನಬೇಕೋ, ನೀವೇ ಹೇಳಿ. ಹಸಿರು ಬಣ್ಣದಲ್ಲಿ ‘ಅಕ್ಸೆಪ್ಟ್ ಆಲ್’, ಪಕ್ಕದಲ್ಲಿ ಮಂಕಾದ ಅಕ್ಷರದಲ್ಲಿ ‘ಮ್ಯಾನೇಜ್ ಆಪ್ಶನ್ಸ್’. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಅಲ್ಲಿನ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಒಪ್ಪುವಷ್ಟು ಸಲೀಸಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು. ಹಾಗಾಗಿ ಯುರೋಪಿನಲ್ಲಿ ಮೊದಲ ಪರದೆಯಲ್ಲೇ ‘ರಿಜೆಕ್ಟ್ ಆಲ್’ ಸಿಗುವ ಸೈಟು ಭಾರತದಿಂದ ತೆರೆದಾಗ ಅದನ್ನು ಒಳಗೆ ಬಚ್ಚಿಡಬಹುದು.

ಒಳಗೆ ಹೋದಾಗ ಸ್ವಿಚ್‌ಗಳೆಲ್ಲ ಆಫ್ ಇದ್ದರೂ ನಂಬಬೇಡಿ. ‘ಲೆಜಿಟಿಮೇಟ್ ಇಂಟರೆಸ್ಟ್’ ಎಂಬ ಇನ್ನೊಂದು ಟ್ಯಾಬ್ ಇರುತ್ತದೆ. ಅಲ್ಲಿನ ಸ್ವಿಚ್‌ಗಳು ಆನ್ ಇದ್ದೇ ಬರುತ್ತವೆ, ಏಕೆಂದರೆ ಅದು ನಿಮ್ಮ ಒಪ್ಪಿಗೆ ಬೇಡದೆ ತಮಗೇ ಹಕ್ಕಿದೆಯೆಂದು ಕಂಪನಿಗಳು ಹೇಳಿಕೊಳ್ಳುವ ಜಾಗ. ‘ಆಬ್ಜೆಕ್ಟ್ ಆಲ್’ ಒತ್ತಿ, ನಂತರ ‘ಸೇವ್’ ಅಥವಾ ‘ಕನ್ಫರ್ಮ್ ಚಾಯ್ಸಸ್’ ಒತ್ತಿ. ಈ ಪರದೆಯಲ್ಲೂ ದೊಡ್ಡ ಬಟನ್ ‘ಅಕ್ಸೆಪ್ಟ್ ಆಲ್’ ಆಗಿರಬಹುದು. ಬೆರಳು ಅಲ್ಲಿಗೇ ಹೋಗುತ್ತದೆ, ಅದಕ್ಕಾಗಿಯೇ ಅದು ಅಲ್ಲಿರುವುದು. ಕ್ರಾಸ್ ಗುರುತಿನಿಂದ ಮುಚ್ಚಿದರೆ ಕೆಲವು ಸೈಟುಗಳಲ್ಲಿ ನಿರಾಕರಿಸಿದಂತೆ, ಕೆಲವದರಲ್ಲಿ ಏನೂ ಹೇಳದಂತೆ.

ಜರ್ಮನಿ, ಆಸ್ಟ್ರಿಯಾಗಳಲ್ಲಿರುವ ಕನ್ನಡಿಗರಿಗೆ ಇನ್ನೊಂದು ಬಗೆ ಎದುರಾಗುತ್ತದೆ: ಒಪ್ಪಿ, ಇಲ್ಲವೇ ತಿಂಗಳಿಗಿಷ್ಟು ದುಡ್ಡು ಕಟ್ಟಿ. ಅಲ್ಲಿನ ಎಷ್ಟೋ ಪತ್ರಿಕೆಗಳ ಸೈಟುಗಳು ಹೀಗೇ. ಬಟನ್ ಹುಡುಕಿ ಪ್ರಯೋಜನವಿಲ್ಲ, ಮೂರನೆಯ ಆಯ್ಕೆಯೇ ಇರುವುದಿಲ್ಲ. ಒಪ್ಪಲೇಬೇಕಾದರೆ ಪ್ರೈವೇಟ್ ವಿಂಡೋದಲ್ಲಿ ಒಪ್ಪಿ, ಓದಿ, ಮುಚ್ಚಿ.

ಓದುವಾಗ ಸಾಲು ಜಿಗಿಯುತ್ತದೆ, ಬೇಡದ್ದು ತೆರೆಯುತ್ತದೆ

ಓದುತ್ತಿದ್ದ ಸಾಲು ಒಮ್ಮೆಲೇ ಕೆಳಗೆ ಹೋಗುವುದು ಜಾಹೀರಾತಿಗೆ ಮೊದಲೇ ಎತ್ತರ ಕಾಯ್ದಿರಿಸದ ಕಾರಣ. ಆ ಜಾಗಕ್ಕಾಗಿ ಜಾಹೀರಾತುದಾರರ ನಡುವೆ ನಡೆಯುವ ಹರಾಜು ಮುಗಿದು ಜಾಹೀರಾತು ಬರುವಷ್ಟರಲ್ಲಿ ನೀವು ಎರಡನೇ ಪ್ಯಾರಾದಲ್ಲಿರುತ್ತೀರಿ. ಈ ಜಿಗಿತವನ್ನು ಅಳೆಯಲು ಗೂಗಲ್ ಇಟ್ಟಿರುವ ಅಂಕದಲ್ಲಿ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚೆನ್ನ. ಬ್ಲಾಕರ್ ಇದ್ದೂ ಕನ್ನಡ ಪುಟ ಜಿಗಿದರೆ ಫಾಂಟನ್ನು ಶಂಕಿಸಿ: ಮೊದಲು ಫೋನಿನ ಫಾಂಟಿನಲ್ಲಿ ಮೂಡಿದ ಅಕ್ಷರಗಳು ಸೈಟಿನ ಫಾಂಟ್ ಇಳಿದ ಮೇಲೆ ಅಗಲ-ಎತ್ತರ ಬದಲಿಸುತ್ತವೆ, ಒತ್ತಕ್ಷರಗಳಿಗೆ ಸಾಲಿನ ನಡುವೆ ಬೇಕಾದ ಜಾಗವೂ ಬದಲಾಗುತ್ತದೆ. ಯುಬ್ಲಾಕ್ ಪೆಟ್ಟಿಗೆಯಲ್ಲಿ ಹೊರಗಿನ ಫಾಂಟ್ ತಡೆಯುವ ಸ್ವಿಚ್ ಇದೆ. ಹಾಕಿದರೆ ಜಿಗಿತ ನಿಲ್ಲುತ್ತದೆ, ಕೆಲವು ಐಕಾನ್‌ಗಳು ಖಾಲಿ ಚೌಕಗಳಾಗುತ್ತವೆ.

ಸೈಟು ಮುಚ್ಚಿದ ಮೇಲೂ ‘ಫೋನಿಗೆ ವೈರಸ್ ಬಂದಿದೆ’ ಎಂಬ ಸಂದೇಶಗಳು ಬರುತ್ತಿದ್ದರೆ ಅದು ಬಹುಮಟ್ಟಿಗೆ ವೈರಸ್ ಅಲ್ಲ. ‘ರೋಬಾಟ್ ಅಲ್ಲವೆಂದು ತೋರಿಸಲು ಅಲೌ ಒತ್ತಿ’ ಎಂದು ಯಾವುದೋ ಪುಟ ಹೇಳಿದ್ದಾಗ ಕೊಟ್ಟ ನೋಟಿಫಿಕೇಶನ್ ಅನುಮತಿ ಅದು. ಸಂದೇಶವನ್ನು ತೆರೆಯಬೇಡಿ, ಬೆರಳಿಟ್ಟು ಹಿಡಿಯಿರಿ, ಕಳುಹಿಸಿದ ಸೈಟಿನ ಹೆಸರು ಕಾಣುತ್ತದೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್ಸ್’ಗೆ ಹೋಗಿ ಆ ಸೈಟನ್ನು ಬ್ಲಾಕ್ ಮಾಡಿ, ಮೇಲಿನ ಸ್ವಿಚ್ಚನ್ನೂ ಆಫ್ ಮಾಡಿದರೆ ಮುಂದೆ ಯಾವ ಸೈಟೂ ಕೇಳುವುದಿಲ್ಲ. ಮನೆಯ ಹಿರಿಯರ ಫೋನುಗಳಲ್ಲಿ ಇದನ್ನು ಈಗಲೇ ಮಾಡಿಡಿ.

ಹಿಂದಕ್ಕೆ ಹೋಗುವ ಬಟನ್ ಒತ್ತಿದರೆ ಬೇಡದ ಸುದ್ದಿಪಟ್ಟಿ ತೆರೆಯುವುದು, ಸೈಟು ಬ್ರೌಸರಿನ ಇತಿಹಾಸಕ್ಕೆ ತನ್ನದೊಂದು ಪುಟ ತುರುಕಿರುವುದರಿಂದ. ಕಂಪ್ಯೂಟರಿನಲ್ಲಿ ಆ ಬಾಣದ ಗುರುತನ್ನು ಒತ್ತಿಹಿಡಿದರೆ ಹಿಂದಿನ ಪುಟಗಳ ಪಟ್ಟಿ ಬರುತ್ತದೆ, ಬೇಕಾದ್ದಕ್ಕೆ ನೇರ ಹೋಗಬಹುದು.

ಏನು ಹಾಕಿಕೊಳ್ಳಬೇಕು

ಒಂದೇ ಬ್ಲಾಕರ್. ಎರಡಿದ್ದರೆ ಒಂದು ಸರಿಪಡಿಸಿದ್ದನ್ನು ಇನ್ನೊಂದು ಕೆಡಿಸುತ್ತದೆ, ಒಂದನ್ನು ಆಫ್ ಮಾಡಿ ಪರೀಕ್ಷಿಸುವವರಿಗೆ ಇನ್ನೊಂದರ ನೆನಪಿರುವುದಿಲ್ಲ. ಕಂಪ್ಯೂಟರಿನ ಮತ್ತು ಆಂಡ್ರಾಯ್ಡಿನ ಫೈರ್‌ಫಾಕ್ಸ್‌ನಲ್ಲಿ ಪೂರ್ಣ ಯುಬ್ಲಾಕ್ ಆರಿಜಿನ್ ಸಿಗುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಅದು ನಿಂತಿದೆ, ಯುಬ್ಲಾಕ್ ಆರಿಜಿನ್ ಲೈಟ್ ಮಾತ್ರ ಲಭ್ಯ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ನೇ ಇಲ್ಲ. ಬ್ರೇವ್‌ನಲ್ಲಿ ಕುಕಿ ಬ್ಯಾನರ್ ತಡೆ ಒಳಗೇ ಇದೆ.

ಯುಬ್ಲಾಕ್ ಹಾಕಿದ ಮಾತ್ರಕ್ಕೆ ಬ್ಯಾನರ್ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನ ‘ಫಿಲ್ಟರ್ ಲಿಸ್ಟ್ಸ್’ನಲ್ಲಿ ‘ಕುಕಿ ನೋಟಿಸಸ್’ ಎಂಬ ಗುಂಪು ಬಿಡಿಸಿ ಈಝಿಲಿಸ್ಟ್ ಪಟ್ಟಿಗೆ ಟಿಕ್ ಹಾಕಿ ‘ಅಪ್ಲೈ ಚೇಂಜಸ್’ ಒತ್ತಬೇಕು. ಚಂದಾದಾರರಾಗಿ, ಆ್ಯಪ್ ಹಾಕಿ ಎನ್ನುವ ಪಟ್ಟಿಗಳಿಗೆ ‘ಅನಾಯೆನ್ಸಸ್’ ಗುಂಪು. ಎಲ್ಲ ಭಾಷೆಯ ಪಟ್ಟಿಗೂ ಟಿಕ್ ಹಾಕುವುದು ವ್ಯರ್ಥ.

ಮರೆಮಾಡಿದರೆ ಸಾಲದು, ನಿರಾಕರಣೆ ದಾಖಲಾಗಲೇಬೇಕೆನ್ನುವವರು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರ ‘ಕನ್ಸೆಂಟ್-ಒ-ಮ್ಯಾಟಿಕ್’ ಬಳಸಲಿ. ಅದು ಬ್ಯಾನರಿನ ಸ್ವಿಚ್‌ಗಳನ್ನು ನಿಮ್ಮ ಪರವಾಗಿ ಆಫ್ ಮಾಡಿ ಸೇವ್ ಒತ್ತುತ್ತದೆ. ಆದರೆ ಇದನ್ನೂ ಮೇಲಿನ ಕುಕಿ ಪಟ್ಟಿಯನ್ನೂ ಒಟ್ಟಿಗೆ ಇಡಬೇಡಿ: ಬ್ಯಾನರೇ ಕಾಣದಿದ್ದಾಗ ತುಂಬಲು ಅದಕ್ಕೆ ಏನೂ ಇರುವುದಿಲ್ಲ. ಬ್ಯಾನರ್ ಮಾಯಮಾಡುವ ಬೇರೆ ಕೆಲವು ಎಕ್ಸ್‌ಟೆನ್ಶನ್‌ಗಳು ಅಗತ್ಯಬಿದ್ದರೆ ನಿಮ್ಮ ಪರವಾಗಿ ‘ಒಪ್ಪಿದೆ’ ಎಂದೇ ಒತ್ತಿಬಿಡುತ್ತವೆ, ವಿವರಣೆ ಓದಿ ಹಾಕಿಕೊಳ್ಳಿ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕಿಯನ್ನೂ ಪ್ರತ್ಯೇಕ ಡಬ್ಬಿಯಲ್ಲಿಡುತ್ತದೆ. ಹಾಗಾಗಿ ಅಲ್ಲಿ ತಪ್ಪಿ ಒಪ್ಪಿಗೆ ಒತ್ತಿದರೂ ಸೈಟಿನಿಂದ ಸೈಟಿಗೆ ಬೆನ್ನಟ್ಟುವುದು ಕಷ್ಟ.

ಸೈಟೇ ಕೆಟ್ಟಿದ್ದರೆ

ನಿರಾಕರಿಸಿದರೂ ಮರುಕ್ಷಣವೇ ಮತ್ತೆ ಕೇಳುವ ಬ್ಯಾನರ್, ಬಟನ್ ಪರದೆಯ ಹೊರಗೆ ಉಳಿಯುವ ಬ್ಯಾನರ್ ಇವನ್ನು ನೀವು ಸರಿಪಡಿಸಲಾಗದು. ಝೂಮ್ 50 ಶೇಕಡಕ್ಕೆ ಇಳಿಸಿದರೆ ಅಥವಾ ಫೋನನ್ನು ಅಡ್ಡ ತಿರುಗಿಸಿದರೆ ಬಟನ್ ಕಂಡೀತು. ಸೈಟಿನವರಿಗೆ ಬರೆಯುವಾಗ ಬ್ರೌಸರಿನ ಹೆಸರು ಮತ್ತು ಆವೃತ್ತಿ, ಫೋನಿನ ಮಾದರಿ, ಪುಟದ ಪೂರ್ತಿ ವಿಳಾಸ, ಪ್ರೈವೇಟ್ ವಿಂಡೋದಲ್ಲಿ ಏನಾಯಿತು ಎಂಬುದು ಇರಲಿ. ‘ನಿಮ್ಮ ಸೈಟು ಓಪನ್ ಆಗ್ತಿಲ್ಲ’ ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾರರು.

ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿದೆ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯಲೂ ಆಗಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಸಂಸ್ಥೆಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವಿದೆ. ಸದ್ಯಕ್ಕೆ ಕೈಗೆಟಕುವುದು 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ: ಒಂದೇ ವಿಷಯಕ್ಕೆ ಪದೇಪದೇ ಪೀಡಿಸುವುದು, ಬೇಡವೆಂದವರನ್ನು ನಾಚಿಸುವುದು, ಬೇಡದ್ದನ್ನು ಬಲವಂತವಾಗಿ ಮಾಡಿಸುವುದು ಸೇರಿ 13 ಬಗೆಯ ತಂತ್ರಗಳನ್ನು ಅದು ಪಟ್ಟಿಮಾಡಿದೆ. ಖರೀದಿಯ ಸೈಟು ಅಥವಾ ಆ್ಯಪ್‌ನಲ್ಲಿ ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.